ಮೂರು ನಾಲ್ಕೋ, ನಾಲ್ಕು ಮೂರೋ? ತಾರೀಖು, ಗಂಟೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರ ಫೋನಿನಲ್ಲಿ ತಾರೀಖು ತಿರುಗಾಮುರುಗಾ ಕಾಣುತ್ತಿದ್ದುದಕ್ಕೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ ವಿಷಯದ್ದು. ಅದಕ್ಕೇ ಈ ಸಲದ ಅಂಕಣ ಪೂರ್ತಿ ತಾರೀಖು ಮತ್ತು ಗಂಟೆಗೇ ಮೀಸಲು. ಚಿಕ್ಕ ವಿಷಯ ಅಂತ ಅನಿಸಬಹುದು, ಆದರೆ ಅರ್ಜಿಯ ಕೊನೆ ದಿನ ತಪ್ಪಿಸಿಕೊಂಡವರಿಗೆ ಕೇಳಿ ನೋಡಿ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ತಂದು ಒಂದು ವಾರ ಆಯಿತು. ಅದರಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರುತ್ತಿದೆ. ಫೋನಿನಲ್ಲಿ ಸರಿಯಾಗಿ ದಿನವೇ ಮೊದಲು ಇದೆ. ಲ್ಯಾಪ್‌ಟಾಪ್‌ನಲ್ಲೇ ಏನಾದರೂ ದೋಷ ಇದೆಯಾ? ವಾಪಸ್ ಕೊಡಬೇಕಾ?

ಉತ್ತರ: ಬೇಡ, ಯಂತ್ರ ಚೆನ್ನಾಗಿಯೇ ಇದೆ. ಅದರ ಒಳಗೆ ತಾರೀಖು ಅನ್ನುವುದು ದಿನ, ತಿಂಗಳು, ವರ್ಷ ಅಂತ ಬಿಡಿಬಿಡಿಯಾಗಿ ಕೂತಿರುವುದಿಲ್ಲ. ಬರೀ ಒಂದು ಎಣಿಕೆ ಓಡುತ್ತಿರುತ್ತದೆ. ತೆರೆಯ ಮೇಲೆ ತೋರಿಸುವಾಗ ಮಾತ್ರ, ಈ ಮನುಷ್ಯ ಯಾವ ಪ್ರದೇಶದವನು, ಅಲ್ಲಿಯವರು ಹೇಗೆ ಬರೆಯುತ್ತಾರೆ ಅಂತ ಒಂದು ಪಟ್ಟಿ ನೋಡಿ ಅದಕ್ಕೆ ತಕ್ಕಂತೆ ಜೋಡಿಸುತ್ತದೆ. ಆ ಪಟ್ಟಿಗೆ ಸಿಎಲ್‌ಡಿಆರ್ ಅಂತ ಹೆಸರು. ನಮ್ಮ ಲಿಪಿಗಳಿಗೆಲ್ಲ ಸಂಕೇತ ಸಂಖ್ಯೆ ಕೊಡುವ ಯುನಿಕೋಡ್ ಸಂಸ್ಥೆಯೇ ಇದನ್ನೂ ನೋಡಿಕೊಳ್ಳುತ್ತದೆ. ಯಾವ ಭಾಷೆಯಲ್ಲಿ ತಿಂಗಳ ಹೆಸರೇನು, ದಿನ ಮೊದಲೋ ತಿಂಗಳು ಮೊದಲೋ, ನಡುವೆ ಚುಕ್ಕಿಯೋ ಅಡ್ಡಗೆರೆಯೋ, ವಾರ ಯಾವ ದಿನ ಶುರು, ಎಲ್ಲ ಅದರಲ್ಲಿದೆ. ಆಂಡ್ರಾಯ್ಡ್, ಐಫೋನ್, ವಿಂಡೋಸ್ ಎಲ್ಲವೂ ಇದನ್ನು ಬಳಸುತ್ತವೆ.

ನಿಮ್ಮ ಲ್ಯಾಪ್‌ಟಾಪ್ ಮೊದಲ ಸಲ ಶುರುವಾದಾಗ 'ಇಂಗ್ಲಿಷ್, ಯುನೈಟೆಡ್ ಸ್ಟೇಟ್ಸ್' ಅಂತ ಇದ್ದದ್ದನ್ನು ನೋಡದೆ ಮುಂದೆ ಒತ್ತಿರುತ್ತೀರಿ, ಎಲ್ಲರೂ ಮಾಡುವುದು ಹಾಗೇ. ಭಾಷೆ ಇಂಗ್ಲಿಷ್ ಆದರೂ ಪ್ರದೇಶ ಬೇರೆ ಇಟ್ಟುಕೊಳ್ಳಬಹುದು, ಇವೆರಡೂ ಬೇರೆ ಬೇರೆ ಆಯ್ಕೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಟೈಮ್ ಆಂಡ್ ಲ್ಯಾಂಗ್ವೇಜ್, ಅಲ್ಲಿಂದ ಲ್ಯಾಂಗ್ವೇಜ್ ಆಂಡ್ ರೀಜನ್‌ಗೆ ಹೋಗಿ 'ರೀಜನಲ್ ಫಾರ್ಮ್ಯಾಟ್' ಬದಲಿಸಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಲ್ಯಾಂಗ್ವೇಜ್ ಆಂಡ್ ರೀಜನ್. ಆಂಡ್ರಾಯ್ಡ್‌ನಲ್ಲಿ ದಿನ ಮೊದಲು ಬೇಕು ಅನ್ನುವ ಬಿಡಿ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ, ಭಾಷೆ ಆಯ್ಕೆ ಮಾಡುವಾಗ ಅದರ ಜೊತೆಗಿರುವ ದೇಶದ ಹೆಸರನ್ನು ನೋಡಿ ಆರಿಸಬೇಕು.

ಪ್ರಶ್ನೆ: ಎಲ್ಲ ದೇಶಗಳೂ ಒಂದೇ ರೀತಿ ಬರೆದರೆ ಆಗಲ್ವಾ? ಯಾಕೆ ಈ ಗೊಂದಲ?

ಉತ್ತರ: ಆಗುತ್ತೆ. ಅದಕ್ಕೆ ನಿಯಮವೂ ಇದೆ. ಐಎಸ್‌ಒ 8601 ಅಂತ ಅದರ ಹೆಸರು, ಮೊದಲು ಪ್ರಕಟವಾದದ್ದು 1988ರಲ್ಲಿ. ನಾಲ್ಕು ಅಂಕಿಯ ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ನಡುವೆ ಸಣ್ಣ ಗೆರೆ: 2025-04-03. ಆದರೆ ಕೈಗೆ ಅಂಟಿದ ಅಭ್ಯಾಸವನ್ನು ನಿಯಮ ಅಷ್ಟು ಸುಲಭವಾಗಿ ಬದಲಿಸುವುದಿಲ್ಲ.

ಜಗತ್ತಿನಲ್ಲಿ ಮುಖ್ಯವಾಗಿ ಮೂರು ಪಂಗಡ. ದಿನ ಮೊದಲು ಬರೆಯುವವರೇ ಜಾಸ್ತಿ, ಯುರೋಪಿನ ಬಹುಪಾಲು, ದಕ್ಷಿಣ ಅಮೆರಿಕ, ಆಫ್ರಿಕಾ ಮತ್ತು ಏಷ್ಯಾದ ಬಹಳಷ್ಟು ದೇಶಗಳು. ವರ್ಷ ಮೊದಲು ಬರೆಯುವವರು ಚೀನಾ, ಜಪಾನ್, ಕೊರಿಯಾ, ಹಂಗೇರಿ, ಲಿಥುವೇನಿಯಾದವರು, ಸ್ವೀಡನ್‌ನಲ್ಲೂ ಅದು ಚೆನ್ನಾಗಿ ಬಳಕೆಯಲ್ಲಿದೆ. ತಿಂಗಳು ಮೊದಲು ಅಂದರೆ ಅಮೆರಿಕ. ಅವರು ಬಾಯಲ್ಲಿ ಹೇಳುವುದೇ 'ಏಪ್ರಿಲ್ ಮೂರು' ಅಂತ, ಬರೆಯುವುದೂ ಅದೇ ಕ್ರಮದಲ್ಲಿ. 1776ರ ಅವರ ಸ್ವಾತಂತ್ರ್ಯ ಘೋಷಣೆಯ ತಲೆಬರಹದಲ್ಲೂ ಜುಲೈ ಮೊದಲು, 4 ಆಮೇಲೆ. ಆದರೆ ಅದೇ ಅಮೆರಿಕದ ಸೈನ್ಯ ಮಾತ್ರ ದಿನವನ್ನೇ ಮೊದಲು ಬರೆಯುತ್ತದೆ, ತಿಂಗಳನ್ನು ಅಕ್ಷರದಲ್ಲಿ ಬರೆಯುತ್ತದೆ. ಕೆನಡಾದಲ್ಲಂತೂ ಮೂರೂ ಬಳಕೆಯಲ್ಲಿವೆ. ಅಲ್ಲಿಂದ ಬಂದ ಒಂದು ಕಾಗದದಲ್ಲಿ 03/04/05 ಅಂತಿದ್ದರೆ ಬರೆದವರನ್ನೇ ಕೇಳಬೇಕು.

ಇನ್ನೊಂದು ಲೆಕ್ಕ ಹೇಳುತ್ತೇನೆ. ದಿನ 12ಕ್ಕಿಂತ ಜಾಸ್ತಿ ಇದ್ದರೆ ಗೊಂದಲ ಇಲ್ಲ, 25/04 ಅಂದರೆ 25ನೇ ತಿಂಗಳು ಇಲ್ಲವಲ್ಲ. ದಿನ 12 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಮಾತ್ರ ತೊಂದರೆ. ತಿಂಗಳಿಗೆ 12 ದಿನದಂತೆ ವರ್ಷಕ್ಕೆ 144. ಅದರಲ್ಲಿ 5/5, 6/6ರಂಥ 12 ದಿನ ಹೇಗೆ ಓದಿದರೂ ಒಂದೇ. ಅಲ್ಲಿಗೆ ಉಳಿಯುವುದು 132 ದಿನ. ವರ್ಷದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ದಿನಗಳನ್ನು ಎರಡು ರೀತಿ ಓದಬಹುದು! ನನಗೆ ಇದು ಅನುಭವಕ್ಕೆ ಬಂದದ್ದು ಒಂದು ತರಬೇತಿಗೆ ಅರ್ಜಿ ಹಾಕುವಾಗ. ಹೊರದೇಶದ ಸಂಸ್ಥೆ. ಕೊನೆ ದಿನ 07/08 ಅಂತ ಕೊಟ್ಟಿದ್ದರು. ನಾನು ಆಗಸ್ಟ್ 7 ಅಂದುಕೊಂಡು ಜುಲೈ ತಿಂಗಳಿಡೀ ಕೂತು ಪ್ರಬಂಧ ತಿದ್ದಿದೆ. ಕಳಿಸಲು ಹೋದರೆ ಅರ್ಜಿಯ ಪುಟವೇ ಮುಚ್ಚಿತ್ತು, ಅದು ಜುಲೈ 8 ಆಗಿತ್ತು. ಆ ತರಬೇತಿ ಮತ್ತೆ ಸಿಗಲಿಲ್ಲ, ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ. ಒಂದು 'ಜುಲೈ' ಅನ್ನುವ ಪದ ಅಲ್ಲಿದ್ದಿದ್ದರೆ ಸಾಕಿತ್ತು.

ಪಾಸ್‌ಪೋರ್ಟ್ ತೆಗೆದು ನೋಡಿ. ಮನುಷ್ಯರು ಓದುವ ಜಾಗದಲ್ಲಿ ತಿಂಗಳು ಅಕ್ಷರದಲ್ಲೋ ಸ್ಪಷ್ಟವಾದ ಕ್ರಮದಲ್ಲೋ ಇರುತ್ತದೆ. ಕೆಳಗೆ ಯಂತ್ರ ಓದುವ ಎರಡು ಸಾಲುಗಳಲ್ಲಿ ಹುಟ್ಟಿದ ತಾರೀಖು ವರ್ಷ, ತಿಂಗಳು, ದಿನ ಅಂತ ಆರು ಅಂಕಿಯಲ್ಲಿ ಇರುತ್ತದೆ. ಯಾವ ದೇಶದ ಪಾಸ್‌ಪೋರ್ಟ್ ಆದರೂ ಆ ಸಾಲು ಒಂದೇ ತರ. ಗಡಿ ದಾಟುವ ಕಾಗದಕ್ಕೆ ಬೇಕಾದ ಎಚ್ಚರ ನಮ್ಮ ಇಮೇಲ್‌ಗೂ ಬೇಕು ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಸಂಘದ 400 ಸದಸ್ಯರ ಹುಟ್ಟಿದ ದಿನದ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದೆ. ಕೆಲವು ತಾರೀಖು ಎಡಕ್ಕೆ ಅಂಟಿಕೊಂಡಿವೆ, ಕೆಲವು ಬಲಕ್ಕೆ. ವಿಂಗಡಿಸಿದರೆ ಎಲ್ಲ ಕಲಸುಮೇಲೋಗರ. ಮಾರ್ಚ್‌ನಲ್ಲಿ ಹುಟ್ಟಿದವರಿಗೆ ಮೇ ತಿಂಗಳಲ್ಲಿ ಶುಭಾಶಯ ಹೋಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಫೈಲ್ ಅನ್ನು ಸೇವ್ ಮಾಡಬೇಡಿ. ಮಾಡಿದ್ದರೆ ಮೂಲ ಫೈಲ್ ಇನ್ನೂ ಯಾರ ಹತ್ತಿರವಾದರೂ ಇದೆಯಾ ಅಂತ ಈಗಲೇ ವಿಚಾರಿಸಿ.

ಏನಾಗಿದೆ ಹೇಳುತ್ತೇನೆ. ಪಟ್ಟಿ ಬರೆದವರು ದಿನ ಮೊದಲು ಬರೆದಿದ್ದಾರೆ. ನಿಮ್ಮ ಕಂಪ್ಯೂಟರ್ ಅಮೆರಿಕದ ಕ್ರಮಕ್ಕೆ ಹೊಂದಿಕೊಂಡಿದೆ. ಫೈಲ್ ಬರೀ ಅಕ್ಷರ, ಅಲ್ಪವಿರಾಮಗಳ ಸಿಎಸ್‌ವಿ ಫೈಲ್ ಆಗಿದ್ದರೆ ಅದರೊಳಗೆ 'ಇದು ದಿನ, ಇದು ತಿಂಗಳು' ಅಂತ ಎಲ್ಲೂ ಬರೆದಿರುವುದಿಲ್ಲ. ಎಕ್ಸೆಲ್ ಅದನ್ನು ತೆರೆಯುವಾಗ ಕಂಪ್ಯೂಟರ್‌ನ ಪ್ರದೇಶ ನೋಡಿ ತಾನೇ ಅರ್ಥ ಮಾಡಿಕೊಳ್ಳುತ್ತದೆ. 25/03/1981 ಕಂಡರೆ, 25ನೇ ತಿಂಗಳು ಇಲ್ಲ, ಇದು ತಾರೀಖಲ್ಲ ಅಂತ ಸುಮ್ನೆ ಅಕ್ಷರವಾಗಿ ಬಿಡುತ್ತದೆ, ಅದು ಎಡಕ್ಕೆ ಕೂರುತ್ತದೆ. 05/03/1981 ಕಂಡರೆ, ಸರಿ, ಇದು ಮೇ 3 ಅಂತ ತಾರೀಖಾಗಿ ಬದಲಿಸುತ್ತದೆ, ಅದು ಬಲಕ್ಕೆ ಕೂರುತ್ತದೆ. ಈಗ ನೋಡಿ, ಎಡಕ್ಕಿರುವುದು ನಿಮ್ಮ ಕಣ್ಣಿಗೆ ತಪ್ಪಾಗಿ ಕಾಣುತ್ತದೆ, ಆದರೆ ಅದರಲ್ಲಿ ಮಾಹಿತಿ ಕೆಟ್ಟಿಲ್ಲ. ಬಲಕ್ಕಿರುವುದು ನೀಟಾಗಿ ಕಾಣುತ್ತದೆ, ಕೆಟ್ಟಿರುವುದು ಅದೇ. ಯಾವ ಎಚ್ಚರಿಕೆಯನ್ನೂ ಕೊಡದೆ ಕೆಟ್ಟಿದೆ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಪೂರ್ತಿ ಕೆಟ್ಟರೆ ಗೊತ್ತಾಗುತ್ತದೆ, ಅರ್ಧ ಕೆಟ್ಟರೆ ಗೊತ್ತಾಗುವುದಿಲ್ಲ.

ಮೂಲ ಸಿಎಸ್‌ವಿ ಫೈಲ್ ಇದ್ದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಆ ಫೈಲ್ ಅನ್ನು ಒಳಗೆ ತನ್ನಿ. ಆಗ ತಾರೀಖಿನ ಕಾಲಂ ಅನ್ನು ಅಕ್ಷರವಾಗಿಯೇ ತಂದುಕೊಳ್ಳಿ. ಆಮೇಲೆ ಆ ಕಾಲಂ ಆರಿಸಿ, ಡೇಟಾ ಮೆನುವಿನಲ್ಲೇ ಇರುವ 'ಟೆಕ್ಸ್ಟ್ ಟು ಕಾಲಮ್ಸ್' ಒತ್ತಿ. ಮೂರನೇ ಹೆಜ್ಜೆಯಲ್ಲಿ 'ಡೇಟ್' ಅಂತ ಇದೆ, ಅದರ ಪಕ್ಕದಲ್ಲಿ ಡಿಎಂವೈ ಆರಿಸಿ, ಅಂದರೆ ದಿನ, ತಿಂಗಳು, ವರ್ಷ. ಇಲ್ಲಿ ಕೇಳುತ್ತಿರುವುದು ನಿಮಗೆ ಹೇಗೆ ಕಾಣಬೇಕು ಅಂತಲ್ಲ, ಫೈಲ್‌ನಲ್ಲಿ ಈಗ ಹೇಗಿದೆ ಅಂತ. ಇದನ್ನು ತಪ್ಪಾಗಿ ತಿಳಿದು ಮತ್ತೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಮೂಲ ಫೈಲ್ ಸಿಗಲೇ ಇಲ್ಲ ಅಂದರೆ, ಬಲಕ್ಕಿರುವ ಎಲ್ಲ ತಾರೀಖುಗಳೂ ಒಂದೇ ರೀತಿ ತಿರುಗಿರುತ್ತವೆ, ಹಾಗಾಗಿ ಪಕ್ಕದ ಕಾಲಂನಲ್ಲಿ ಡೇಟ್ ಫಾರ್ಮುಲಾ ಹಾಕಿ ದಿನ ಇರುವ ಕಡೆ ತಿಂಗಳು, ತಿಂಗಳು ಇರುವ ಕಡೆ ದಿನ ಕೂರಿಸಬಹುದು. ಆದರೆ ಪಟ್ಟಿ ಒಬ್ಬರೇ ಮಾಡಿದ್ದಾಗಿರಬೇಕು. ಹತ್ತು ಜನ ಹತ್ತು ಕಂಪ್ಯೂಟರ್‌ನಲ್ಲಿ ತುಂಬಿಸಿದ್ದರೆ ಸದಸ್ಯರಿಗೆ ಫೋನ್ ಮಾಡಿ ಕೇಳುವುದೇ ದಾರಿ.

ಗೂಗಲ್ ಶೀಟ್ಸ್ ಬಳಸುವವರು ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ 'ಲೊಕೇಲ್' ನೋಡಿ. ಅದು ಆ ಹಾಳೆಗೆ ಸೇರಿದ್ದು, ನಿಮ್ಮ ಕಂಪ್ಯೂಟರ್‌ಗೆ ಸೇರಿದ್ದಲ್ಲ, ಹಾಗಾಗಿ ಆ ಹಾಳೆ ತೆರೆದ ಎಲ್ಲರಿಗೂ ಒಂದೇ ಕ್ರಮ ಕಾಣುತ್ತದೆ.

ಪಟ್ಟಿಯಲ್ಲಿ ವಯಸ್ಸಾದವರು ಇದ್ದರೆ ಇನ್ನೊಂದನ್ನೂ ಪರೀಕ್ಷಿಸಿ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರೆ ಅದು ಯಾವ ಶತಮಾನ ಅಂತ ಎಕ್ಸೆಲ್ ಒಂದು ಗಡಿ ಹಾಕಿ ನಿರ್ಧರಿಸುತ್ತದೆ. ಬಹಳ ಕಾಲದಿಂದ ಇದ್ದ ನಿಯಮದಲ್ಲಿ 29ರವರೆಗೆ ಎರಡು ಸಾವಿರದ ಲೆಕ್ಕ, 30ರಿಂದ ಹತ್ತೊಂಬತ್ತು ನೂರರ ಲೆಕ್ಕ. ವಿಂಡೋಸ್‌ನಲ್ಲಿ ಈ ಗಡಿಯನ್ನು ಬದಲಿಸಬಹುದು, ಹಾಗಾಗಿ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಇರುತ್ತದೆ ಅಂತ ನಂಬಬೇಡಿ. 1928ರಲ್ಲಿ ಹುಟ್ಟಿದ ಅಜ್ಜಿ 28 ಅಂತ ಬರೆಸಿದ್ದರೆ ಆಕೆ 2028ರಲ್ಲಿ ಹುಟ್ಟುವವಳಾಗಿಬಿಡುತ್ತಾಳೆ. ವರ್ಷಕ್ಕೆ ಯಾವಾಗಲೂ ನಾಲ್ಕು ಅಂಕಿ ಬರೆಸಿ.

ನಿಮಗೊಬ್ಬರಿಗೇ ಹೀಗಾಗಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮನುಷ್ಯನ ವಂಶವಾಹಿಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್1 ಅಂತ ಹೆಸರುಗಳಿದ್ದವು. ವಿಜ್ಞಾನಿಗಳು ಅವನ್ನು ಎಕ್ಸೆಲ್‌ನಲ್ಲಿ ಬರೆದ ಕೂಡಲೇ ಮಾರ್ಚ್ 1, ಸೆಪ್ಟೆಂಬರ್ 1 ಅಂತ ತಾರೀಖುಗಳಾಗಿಬಿಡುತ್ತಿದ್ದವು. 2016ರ ಒಂದು ಅಧ್ಯಯನದಲ್ಲಿ, ಇಂಥ ಎಕ್ಸೆಲ್ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪು ಕಂಡಿತು. ಕೊನೆಗೆ 2020ರಲ್ಲಿ ವಂಶವಾಹಿಗಳ ಹೆಸರನ್ನೇ ಬದಲಿಸಿದರು. ಈ ರೀತಿ ತಾನಾಗಿ ತಾರೀಖು ಮಾಡುವುದನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ನಲ್ಲಿ ಬಂದದ್ದು 2023ರಲ್ಲಿ.

ಪ್ರಶ್ನೆ: ಆನ್‌ಲೈನ್ ನೋಂದಣಿಗೆ 'ಕೊನೆಯ ಸಮಯ 15ನೇ ತಾರೀಖು 12 ಎಎಂ' ಅಂತ ಇತ್ತು. ನಾನು 15ರ ರಾತ್ರಿ ಹತ್ತು ಗಂಟೆಗೆ ತುಂಬಲು ಹೋದೆ. ಮುಗಿದಿದೆ ಅಂತ ಬಂತು. ಇದು ಅನ್ಯಾಯ ಅಲ್ವಾ?

ಉತ್ತರ: ನಿಮ್ಮ ತಪ್ಪು ಅಂತ ನಾನು ಹೇಳುವುದಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ 15ರ 12 ಎಎಂ ಅಂದರೆ 15 ಶುರುವಾಗುವ ಕ್ಷಣ, ಅಂದರೆ 14ರ ರಾತ್ರಿ ಮುಗಿಯುವ ಹೊತ್ತು. ನೀವು ಹೋಗುವಷ್ಟರಲ್ಲಿ ಮುಗಿದು 22 ಗಂಟೆ ಆಗಿತ್ತು. ಆದರೆ ಹಾಗೆ ಬರೆದವರೇ ಓದುವವರ ಬಗ್ಗೆ ಯೋಚಿಸಬೇಕಿತ್ತು. ಎಎಂ ಅಂದರೆ ಲ್ಯಾಟಿನ್‌ನಲ್ಲಿ ಮಧ್ಯಾಹ್ನಕ್ಕೆ ಮುಂಚೆ, ಪಿಎಂ ಅಂದರೆ ಮಧ್ಯಾಹ್ನದ ನಂತರ. ನಡುಮಧ್ಯಾಹ್ನವು ಮಧ್ಯಾಹ್ನಕ್ಕೆ ಮುಂಚೆಯೂ ಅಲ್ಲ, ನಂತರವೂ ಅಲ್ಲ. ಅಮೆರಿಕದಲ್ಲಿ ಅಳತೆ, ಸಮಯಗಳ ಮಾನಕಗಳನ್ನು ನೋಡಿಕೊಳ್ಳುವ ನಿಸ್ಟ್ ಸಂಸ್ಥೆಯೇ 12 ಎಎಂ, 12 ಪಿಎಂ ಎರಡೂ ಗೊಂದಲದ್ದು, ಬಳಸಬೇಡಿ ಅನ್ನುತ್ತದೆ. ಬದಲಿಗೆ 11:59 ಪಿಎಂ ಅಥವಾ 12:01 ಎಎಂ ಅಂತ ಬರೆದರೆ ಯಾವ ದಿನ ಅಂತ ಸಂಶಯವೇ ಬರುವುದಿಲ್ಲ.

ನೀವು ಯಾವತ್ತಾದರೂ ಇಂಥ ಸೂಚನೆ ಬರೆಯಬೇಕಾದರೆ '14ರ ರಾತ್ರಿ 23:59ರವರೆಗೆ' ಅನ್ನಿ. 24 ಗಂಟೆಯ ಕ್ರಮ ಯುರೋಪಿನ ಹೆಚ್ಚಿನ ಕಡೆ ದಿನನಿತ್ಯದ ಬರಹದಲ್ಲೇ ಇದೆ. ಅಲ್ಲೂ ಬರೆಯುವ ರೀತಿ ಒಂದೇ ಅಲ್ಲ, ಫಿನ್‌ಲೆಂಡ್, ಡೆನ್ಮಾರ್ಕ್‌ಗಳಲ್ಲಿ ಗಂಟೆ ನಿಮಿಷದ ನಡುವೆ ಚುಕ್ಕಿ ಇಡುತ್ತಾರೆ. 14.30 ಅಂತ ಕಂಡರೆ ಅದು ದಶಮಾಂಶ ಅಲ್ಲ, ಎರಡೂವರೆ ಗಂಟೆ. ಜಪಾನಿನಲ್ಲಿ ತಡರಾತ್ರಿಯ ಟಿವಿ ಕಾರ್ಯಕ್ರಮಕ್ಕೆ 25:30 ಅಂತಲೂ ಬರೆಯುತ್ತಾರೆ. ಮಾರನೇ ದಿನದ ಬೆಳಗಿನ ಜಾವ ಒಂದೂವರೆ ಅಂತ ಅರ್ಥ. ಎದ್ದಿರುವವರಿಗೆ ಅದು ಇನ್ನೂ ಅದೇ ರಾತ್ರಿ ತಾನೇ. ನನಗೆ ಇದು ತುಂಬ ಇಷ್ಟವಾದ ಕ್ರಮ.

ಪ್ರಶ್ನೆ: ಹಳೆಯ ಐಫೋನ್ ಒಂದನ್ನು ಕೊಂಡೆ. ಅದರಲ್ಲಿ ವರ್ಷ ಐನೂರಕ್ಕೂ ಜಾಸ್ತಿ ಮುಂದಿದೆ. ವೈರಸ್ಸಾ?

ಉತ್ತರ: ವೈರಸ್ ಅಲ್ಲ. 543 ವರ್ಷ ಮುಂದಿದ್ದರೆ ಅದು ಥಾಯ್ಲೆಂಡ್‌ನಲ್ಲಿ ಬಳಸುವ ಬೌದ್ಧ ಪಂಚಾಂಗ. ಅಲ್ಲಿ 2025ನೇ ಇಸವಿಗೆ 2568 ಅನ್ನುತ್ತಾರೆ. ಲ್ಯಾಂಗ್ವೇಜ್ ಆಂಡ್ ರೀಜನ್ ಒಳಗೆ 'ಕ್ಯಾಲೆಂಡರ್' ಅಂತ ಇದೆ, ಅಲ್ಲಿ ಗ್ರೆಗೋರಿಯನ್ ಆರಿಸಿ, ಸರಿಹೋಗುತ್ತದೆ.

ಅದೇ ಜಾಗದಲ್ಲಿ ಜಪಾನಿನ ಕ್ಯಾಲೆಂಡರ್ ಕೂಡ ಕಾಣುತ್ತದೆ. ಅಲ್ಲಿ ಚಕ್ರವರ್ತಿ ಬದಲಾದರೆ ವರ್ಷದ ಎಣಿಕೆ ಮತ್ತೆ ಒಂದರಿಂದ. 2019ರ ಮೇ 1ರಂದು ಹೊಸ ಚಕ್ರವರ್ತಿ ಬಂದಾಗ ರೇವಾ ಅನ್ನುವ ಹೊಸ ಯುಗ ಶುರುವಾಯಿತು. ಹೆಸರು ಪ್ರಕಟವಾದದ್ದು ಏಪ್ರಿಲ್ 1ಕ್ಕೆ. ಒಂದೇ ತಿಂಗಳಲ್ಲಿ ಕಂಪ್ಯೂಟರ್‌ಗಳನ್ನೆಲ್ಲ ಅಣಿ ಮಾಡಬೇಕಾಯಿತು. ಆ ಹೆಸರನ್ನು ಒಂದೇ ಚೌಕದಲ್ಲಿ ಬರೆಯುವ ಚಿಹ್ನೆ ಬೇಕಿತ್ತು, ಆ ಒಂದೇ ಒಂದು ಚಿಹ್ನೆ ಸೇರಿಸಲು ಯುನಿಕೋಡ್ 12.1 ಅನ್ನುವ ಆವೃತ್ತಿಯನ್ನೇ ಹೊರತಂದರು.

ಇಥಿಯೋಪಿಯಾದಲ್ಲಿ ವರ್ಷಕ್ಕೆ 13 ತಿಂಗಳು, ಅವರು ಎರಡು ಸಾವಿರನೇ ವರ್ಷವನ್ನು ಸ್ವಾಗತಿಸಿದ್ದು ನಮ್ಮ ಲೆಕ್ಕದ 2007ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಗಂಟೆಯನ್ನೂ ಬೆಳಗಿನಿಂದ ಎಣಿಸುತ್ತಾರೆ, ನಾವು ಬೆಳಗ್ಗೆ ಏಳು ಅನ್ನುವುದು ಅವರಿಗೆ ಒಂದು ಗಂಟೆ. ಹಾಗಾಗಿ ಅಲ್ಲಿಯ ಸ್ನೇಹಿತರ ಜೊತೆ ಸಮಯ ಗೊತ್ತು ಮಾಡುವಾಗ ಯಾವ ಲೆಕ್ಕದ ಗಂಟೆ ಅಂತ ಕೇಳಿಬಿಡಿ.

ಪ್ರಶ್ನೆ: ಹಳೆಯ ಕಾರ್ಡ್‌ನಿಂದ ಫೋಟೋ ಕಾಪಿ ಮಾಡಿದೆ. ಕೆಲವಕ್ಕೆ 1970ರ ಜನವರಿ 1 ಅಂತ ಬಂದಿದೆ. ನಾನಾಗ ಹುಟ್ಟಿಯೇ ಇರಲಿಲ್ಲ.

ಉತ್ತರ: ಮೇಲೆ ಹೇಳಿದ ಎಣಿಕೆ ನೆನಪಿದೆಯಲ್ವಾ? ಬಹಳಷ್ಟು ಯಂತ್ರಗಳು 1970ರ ಜನವರಿ 1ರ ನಡುರಾತ್ರಿಯಿಂದ ಸೆಕೆಂಡ್‌ಗಳನ್ನು ಎಣಿಸುತ್ತವೆ. ಎಣಿಕೆ ಕಳೆದುಹೋಗಿ ಸೊನ್ನೆ ಆದರೆ ಅದೇ ದಿನ ಕಾಣುತ್ತದೆ. ಆ ನಡುರಾತ್ರಿ ಯುಟಿಸಿ ಸಮಯದ್ದು, ಅಂದರೆ ಇಡೀ ಜಗತ್ತು ಲೆಕ್ಕಕ್ಕೆ ಇಟ್ಟುಕೊಂಡಿರುವ ಒಂದೇ ಸಮಯದ್ದು, ಹಾಗಾಗಿ ಅಮೆರಿಕದಲ್ಲಿ ಇರುವವರಿಗೆ ಅದೇ ಫೋಟೋ 1969ರ ಡಿಸೆಂಬರ್ 31 ಅಂತ ಕಾಣಬಹುದು. ಫೋಟೋದ ಒಳಗೆ ಕ್ಯಾಮೆರಾ ಬರೆದಿಟ್ಟ ಬೇರೆ ತಾರೀಖು ಇರುವ ಸಾಧ್ಯತೆ ಇದೆ, ಫೋಟೋದ ಪ್ರಾಪರ್ಟೀಸ್‌ನಲ್ಲಿ 'ಡೇಟ್ ಟೇಕನ್' ನೋಡಿ. ಅದೂ ಇಲ್ಲದಿದ್ದರೆ ಚಿತ್ರದಲ್ಲಿರುವ ಮಕ್ಕಳ ಎತ್ತರ ನೋಡಿಯೇ ಹೇಳಬೇಕು.

ಪ್ರಶ್ನೆ: ನಾನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ನನ್ನ ಆ್ಯಪ್ ವರ್ಷವಿಡೀ ಸರಿಯಾಗಿತ್ತು. ಡಿಸೆಂಬರ್ 30ಕ್ಕೆ ಮುಂದಿನ ವರ್ಷ ತೋರಿಸಿತು.

ಉತ್ತರ: ತಾರೀಖು ಹೇಗೆ ಕಾಣಬೇಕು ಅಂತ ಕೋಡ್‌ನಲ್ಲಿ ಬರೆಯುವಾಗ ವರ್ಷಕ್ಕೆ ದೊಡ್ಡ ವೈ (Y) ಅಕ್ಷರ ಬಳಸಿದ್ದೀರಿ. ಜಾವಾ, ಸ್ವಿಫ್ಟ್ ಮುಂತಾದವುಗಳಲ್ಲಿ ಚಿಕ್ಕ ವೈ ಅಂದರೆ ಮಾಮೂಲಿ ವರ್ಷ, ದೊಡ್ಡ ವೈ ಅಂದರೆ ವಾರಗಳ ಲೆಕ್ಕದ ವರ್ಷ. ಐಎಸ್‌ಒ ಲೆಕ್ಕದಲ್ಲಿ ವಾರ ಸೋಮವಾರ ಶುರು, ವರ್ಷದ ಮೊದಲ ಗುರುವಾರ ಇರುವ ವಾರವೇ ಒಂದನೇ ವಾರ. 2024ರ ಡಿಸೆಂಬರ್ 30 ಸೋಮವಾರ, ಹಾಗಾಗಿ ಅದು 2025ರ ಒಂದನೇ ವಾರಕ್ಕೆ ಸೇರಿತು, ತೆರೆಯ ಮೇಲೆ 2025ರ ಡಿಸೆಂಬರ್ 30 ಆಯಿತು. ವರ್ಷಕ್ಕೆ ಕೆಲವೇ ದಿನ ಕಾಣುವ ತಪ್ಪಾದ್ದರಿಂದ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ. ಎಂ ಅಕ್ಷರದಲ್ಲೂ ಹೀಗೇ, ಅಲ್ಲಿ ದೊಡ್ಡದು ತಿಂಗಳು, ಚಿಕ್ಕದು ನಿಮಿಷ. ಪೈಥಾನ್‌ನಲ್ಲಿ ತಾರೀಖು ಜೋಡಿಸುವ ಸ್ಟ್ರಫ್‌ಟೈಮ್‌ಗೆ (strftime) ಹೋದರೆ ಸರಿಯಾಗಿ ಉಲ್ಟಾ. ಇನ್ನೊಂದು ಮಾತು, ಜನರಿಗೆ ತೋರಿಸುವ ತಾರೀಖಿನ ಕ್ರಮವನ್ನು ನೀವೇ ಅಕ್ಷರ ಜೋಡಿಸಿ ನಿರ್ಧರಿಸಬೇಡಿ. 'ಚಿಕ್ಕದಾಗಿ ತೋರಿಸು', 'ಉದ್ದವಾಗಿ ತೋರಿಸು' ಅಂತ ಮಾತ್ರ ಹೇಳಿ, ಬಳಸುವವರ ಪ್ರದೇಶಕ್ಕೆ ತಕ್ಕ ಕ್ರಮವನ್ನು ಫೋನ್ ನೋಡಿಕೊಳ್ಳುತ್ತದೆ. ಉಳಿಸಿಡುವಾಗ, ಕಳಿಸುವಾಗ ಮಾತ್ರ ಐಎಸ್‌ಒ ಕ್ರಮ.

ಪ್ರಶ್ನೆ: ಫೋನ್ ಅನ್ನು ಕನ್ನಡಕ್ಕೆ ಬದಲಿಸಿದೆ. ಕೆಲವು ಕಡೆ ಗಂಟೆಯ ಪಕ್ಕ 'ಪೂರ್ವಾಹ್ನ', 'ಅಪರಾಹ್ನ' ಅಂತ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ಅಪರಾಹ್ನ ಅಂದರೆ ವಿಚಿತ್ರ ಅನಿಸುತ್ತದೆ.

ಉತ್ತರ: ನನಗೂ ಅನಿಸುತ್ತದೆ. ಎಎಂ, ಪಿಎಂ ಅನ್ನುವ ಎರಡು ಗೂಡುಗಳಿಗೆ ಎರಡು ಕನ್ನಡ ಪದ ಹುಡುಕಿ ತುಂಬಿದ್ದರಿಂದ ಹೀಗಾಗಿದೆ. ನಾವು ಮಾತಾಡುವಾಗ ದಿನವನ್ನು ಎರಡು ತುಂಡು ಮಾಡುವುದಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅನ್ನುತ್ತೇವೆ. ಇದು ಕನ್ನಡದ ಕಥೆ ಮಾತ್ರ ಅಲ್ಲ, ಬಹಳ ಭಾಷೆಗಳದ್ದು. ಅದಕ್ಕೇ ಸಿಎಲ್‌ಡಿಆರ್ ಪಟ್ಟಿಯಲ್ಲಿ ದಿನದ ಭಾಗಗಳಿಗೆ ಬೇರೆ ಜಾಗವನ್ನೂ ಇಟ್ಟಿದ್ದಾರೆ, ಯಾವ ಭಾಷೆಯಲ್ಲಿ ಎಷ್ಟು ಗಂಟೆಯಿಂದ ಎಷ್ಟರವರೆಗೆ ಯಾವ ಪದ ಅಂತ. ಪದಗಳು ಅಲ್ಲಿವೆ, ಆ್ಯಪ್ ಮಾಡುವವರು ಅದನ್ನು ಬಳಸಿಕೊಳ್ಳಬೇಕು ಅಷ್ಟೇ. ಈ ಪಟ್ಟಿಗೆ ತಿದ್ದುಪಡಿ ಬರುವುದು ಆಯಾ ಭಾಷೆಯವರಿಂದಲೇ. ಪಟ್ಟಿ ತಿದ್ದಲು ಯುನಿಕೋಡ್ ಸಂಸ್ಥೆ ನಡೆಸುವ ಸಮೀಕ್ಷೆಯ ಕಾಲದಲ್ಲಿ ಜನ ಪದ ಸೂಚಿಸಬಹುದು, ಮತ ಹಾಕಬಹುದು. ಭಾಷೆಯ ಮೇಲೆ ಪ್ರೀತಿ ಇರುವವರು, ಸ್ವಲ್ಪ ತಾಂತ್ರಿಕ ತಿಳಿವಳಿಕೆ ಇರುವವರು ಅಲ್ಲಿ ಭಾಗವಹಿಸಿ ಅಂತ ಮನಸಾರೆ ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ, ಪದ ಕಿರಿಕಿರಿ ಅನಿಸಿದರೆ 24 ಗಂಟೆಯ ಕ್ರಮಕ್ಕೆ ಹೋಗಿ, ಆ ಪದ ಬೇಕಾಗುವುದೇ ಇಲ್ಲ.

ಪ್ರಶ್ನೆ: ಮಗಳು ಅಮೆರಿಕದಲ್ಲಿ, ಮಗ ಜರ್ಮನಿಯಲ್ಲಿ. ಪ್ರತಿ ಭಾನುವಾರ ಮೂವರೂ ವಿಡಿಯೋದಲ್ಲಿ ಮಾತಾಡುತ್ತೇವೆ. ಮಾರ್ಚ್ ತಿಂಗಳಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಒಂದು ಗಂಟೆ ತಪ್ಪುತ್ತಾರೆ. ನನಗೆ 24 ಗಂಟೆಯ ಲೆಕ್ಕವೂ ತಲೆಗೆ ಹತ್ತುವುದಿಲ್ಲ.

ಉತ್ತರ: ನಿಮ್ಮ ಗಡಿಯಾರ ಸರಿಯಾಗಿದೆ, ಅವರಿಬ್ಬರ ಗಡಿಯಾರ ಜರುಗುವುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವ ಪದ್ಧತಿ ಎರಡೂ ಕಡೆ ಇದೆ, ಆದರೆ ಒಂದೇ ದಿನ ಅಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವೆ ಎರಡು ಅಥವಾ ಮೂರು ವಾರ ಇಬ್ಬರ ನಡುವಿನ ಅಂತರ ಒಂದು ಗಂಟೆ ಕಮ್ಮಿ ಆಗುತ್ತದೆ. ವಾಪಸ್ ಬರುವಾಗಲೂ ಹಾಗೇ, ಯುರೋಪು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. ಆಗ ಒಂದು ವಾರ ಗೊಂದಲ.

ಇದನ್ನೆಲ್ಲ ನೀವು ನೆನಪಿಡಬೇಕಾಗಿಲ್ಲ. ಫೋನಿನ ಕ್ಯಾಲೆಂಡರ್‌ನಲ್ಲಿ ಪ್ರತಿ ಭಾನುವಾರಕ್ಕೆ ಒಂದು ಕಾರ್ಯಕ್ರಮ ಮಾಡಿ, ಇಬ್ಬರು ಮಕ್ಕಳ ಇಮೇಲ್ ಸೇರಿಸಿ ಕಳಿಸಿ. ಮೂರು ಫೋನಿನಲ್ಲೂ ಅವರವರ ಊರಿನ ಗಂಟೆಯಲ್ಲಿ ಕಾಣುತ್ತದೆ. ಯಾವ ಊರಿನ ಗಡಿಯಾರ ಯಾವತ್ತು ಜರುಗುತ್ತದೆ ಅನ್ನುವ ಪಟ್ಟಿ ಎಲ್ಲ ಫೋನಿನ ಒಳಗೂ ಇದೆ, ಅದರಲ್ಲಿ ನ್ಯೂಯಾರ್ಕ್, ಬರ್ಲಿನ್, ಟೋಕಿಯೋ ಅಂತ ಊರಿನ ಹೆಸರಲ್ಲೇ ವಲಯಗಳಿವೆ. ಕಾರ್ಯಕ್ರಮವನ್ನು ಯಾರು ಮಾಡುತ್ತಾರೋ ಅವರ ಊರಿನ ಗಂಟೆ ವರ್ಷಪೂರ್ತಿ ಒಂದೇ ಇರುತ್ತದೆ. ಹಾಗಾಗಿ ನೀವೇ ಮಾಡಿ, ಜರುಗುವ ತಲೆನೋವು ಮಕ್ಕಳಿಗಿರಲಿ. ಮೆಸೇಜ್‌ನಲ್ಲಿ ಗಂಟೆ ಬರೆಯಬೇಕಾದರೆ ಊರಿನ ಹೆಸರು ಸೇರಿಸಿ. ಐಎಸ್‌ಟಿ ಅಂತ ಬರೆದರೆ ಅದು ಭಾರತದ್ದೂ ಆಗಬಹುದು, ಇಸ್ರೇಲ್‌ದೂ ಆಗಬಹುದು, ಐರ್ಲೆಂಡ್‌ದೂ ಆಗಬಹುದು.

24 ಗಂಟೆಯ ವಿಷಯ: ಅದು ಪ್ರತಿಯೊಬ್ಬರ ಫೋನಿನ ಬೇರೆ ಬೇರೆ ಆಯ್ಕೆ. ಮಗನ ಫೋನಿನಲ್ಲಿ 20:30 ಕಂಡರೆ ನಿಮ್ಮದರಲ್ಲೂ ಹಾಗೇ ಕಾಣಬೇಕಾಗಿಲ್ಲ. ಸೆಟ್ಟಿಂಗ್ಸ್‌ನ 'ಡೇಟ್ ಆಂಡ್ ಟೈಮ್' ಒಳಗೆ 24 ಗಂಟೆಯ ಗುಂಡಿಯನ್ನು ಆಫ್ ಮಾಡಿಬಿಡಿ. ಅವನು ಬಾಯಲ್ಲಿ 20:30 ಅಂದಾಗ ಮಾತ್ರ ಅದರಿಂದ 12 ಕಳೆಯಿರಿ, ಎಂಟೂವರೆ.